ಬೆಂಚಿನ ಮೇಲಿನ ಜನರಲ್

ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಯುಖಿಮ್ ಯುದ್ಧ ನಡೆಸಲು ಶುರುಮಾಡಿದ್ದ. ಒರಿಖಿವ್ ಹತ್ತಿರದ ಆ ಉಕ್ರೇನಿನ ಹಳ್ಳಿಯಲ್ಲಿ ಗೇಟಿನ ಮುಂದಿನ ಬೆಂಚೇ ಅವನ ಪಾಳೆಯ. ಬೆಳಿಗ್ಗೆ ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದನೆಂದರೆ ಸಂಜೆಯೊಳಗೆ ರಷ್ಯಾದ ಸೈನ್ಯವನ್ನು ಅಟ್ಟಿಕೊಂಡು ದಕ್ಷಿಣದ ಅಜೋವ್ ಸಮುದ್ರ ಮುಟ್ಟಿಬಿಡುತ್ತಿದ್ದ.

"ಹೊರದೇಶದೋರು ಅಷ್ಟೊಂದು ಟ್ಯಾಂಕ್ ಕೊಟ್ಟವ್ರೆ, ನಮ್ಮೋರು ಇನ್ನೂ ಆಮೆ ಥರ ತೆವಳ್ತಾವ್ರೆ! ನನ್ ಕೈಗೆ ಕೊಡ್ಲಿ, ತೋರಿಸ್ತೀನಿ" ಎಂದು ಅವತ್ತೂ ಗುಡುಗಿದ.

ಹೆಂಡತಿ ಮೆಲಾನಿಯಾಗೆ ರೇಗಿತು. ಖಾಲಿ ಬಟ್ಟಲು ತಂದು ಅವನ ಮಡಿಲಿಗೆ ಕುಕ್ಕಿದಳು. "ಜನರಲ್ ಸಾಹೇಬ್ರೆ, ಹಿತ್ತಿಲ ಮರದಲ್ಲಿ ಚೆರ್ರಿ ಹಣ್ಣಾಗಿ ಉದುರ್ತಾ ಐತೆ. ಕಿತ್ಕೊಂಡ್ ಬನ್ನಿ, ಕಡುಬು ಮಾಡ್ತೀನಿ."

ಯುಖಿಮ್ ಜಂಬದಿಂದ ಎದ್ದು ಹೊರಟ. ಮರ ಇದ್ದದ್ದು ಬಾವಿಯ ಆಚೆ, ಅಷ್ಟೇ. ಆದರೆ ರಷ್ಯಾದವರು ಓಡಿಹೋಗುವಾಗ ಹಿತ್ತಿಲ ತುಂಬ ನೆಲಬಾಂಬು ಹೂತಿದ್ದರು. ತೆಗೆಯಲು ಬಂದವರು ಬಾವಿಯವರೆಗೆ ಮಾತ್ರ ತೆಗೆದು ಕೆಂಪು ಪಟ್ಟಿ ಕಟ್ಟಿ ಹೋಗಿದ್ದರು. ಯುಖಿಮ್ ಪಟ್ಟಿಯ ಮುಂದೆ ನಿಂತು ಹುಲ್ಲನ್ನೇ ನೋಡಿದ. ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕಿಟ್ಟ. ಅವತ್ತು ಕಡುಬಿಗೆ ಆಲೂಗಡ್ಡೆಯೇ ಗತಿಯಾಯಿತು.

ಮರುದಿನ ಪಕ್ಕದ ಮನೆಯ ಒನಿಸಿಮ್ ಬಂದು ಬೆಂಚಿನಲ್ಲಿ ಕೂತು ಮೂಗು ಮುರಿದ. "ರೇಡಿಯೋ ಕೇಳಿದ್ಯಾ? ನಿನ್ನೆ ಇಡೀ ದಿನ ನಮ್ಮೋರು ಒಂದೇ ಒಂದು ಹೊಲ ದಾಟಿದ್ರಂತೆ."

ಯುಖಿಮ್ ಕೈಲಿದ್ದ ಕೋಲು ಕೆಳಗಿಟ್ಟ.

"ಇಡೀ ಹೊಲಾನಾ!" ಎಂದ.