ಎರಡು ಡಿಸ್ಕು, ಒಂದು ಸೋಬಾನೆ

ಧನ್ಯಾ, ಮನೋಜ, ಈ ಹಾಳೆಗಳು ಫ್ಯಾನಿನ ಗಾಳಿಗೆ ಹಾರದ ಹಾಗೆ ಮೇಲೊಂದು ಲೋಹದ ಬಿಲ್ಲೆ ಇಟ್ಟುಕೊಂಡಿದ್ದೇನೆ. ಅಂಗೈಗಿಂತ ಸ್ವಲ್ಪ ಉದ್ದ, ಎತ್ತಿದರೆ ಒಳ್ಳೇ ಭಾರ. ನಿಮ್ಮವ್ವ ಅದನ್ನು ಗುಜರಿಗೆ ಹಾಕಲು ಹೊರಟಿದ್ದಳು, ನಾನು ಬಿಡಲಿಲ್ಲ. ಸತ್ತ ಡಿಸ್ಕು ಅದು. ಅಂಚಿನಲ್ಲಿ ಇನ್ನೂ ಒಂದಿಷ್ಟು ಕುಂಕುಮ ಉಳಿದಿದೆ ನೋಡಿ. ಅದರ ಕಥೆ ನಡೆದ ದಿನ ನೀವಿಬ್ಬರೂ ಸ್ಕೂಲಿಗೆ ಹೋಗಿದ್ದಿರಿ. ಬಾಯಲ್ಲೇ ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ನೀವು ಇಬ್ಬರೇ ಆದರೂ ನಾಲ್ಕು ಜನರಷ್ಟು ಗಲಾಟೆ ಮಾಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಾಂಡವಪುರದ ಮನೆಯ ಮಹಡಿ ಕೋಣೆಯಲ್ಲಿ ನಿಮ್ಮವ್ವ ಭಾಗ್ಯ ಊರವರ ವೆಬ್‌ಸೈಟುಗಳನ್ನು ಇಟ್ಟು ಸಾಕುತ್ತಾಳಲ್ಲ, ಅಲ್ಲೇ ಇದು ನಡೆದದ್ದು. ಕ್ಯಾತನಹಳ್ಳಿಯ ಬೆಲ್ಲದವರದು, ಶ್ರೀರಂಗಪಟ್ಟಣದ ಒಂದು ಕಲ್ಯಾಣ ಮಂಟಪದ್ದು, ಕೆ.ಆರ್. ಪೇಟೆಯ ಒಂದು ಶಾಲೆಯದು. ಜನ ಮೊಬೈಲಿನಲ್ಲಿ ನೋಡುವುದೆಲ್ಲ ಎಲ್ಲೋ ಆಕಾಶದಲ್ಲಿರುತ್ತದೆಂದು ನಾನು ತಿಳಿದಿದ್ದೆ. ಅಲ್ಲ, ಅದು ನಮ್ಮ ತಲೆಯ ಮೇಲಿನ ಮಹಡಿಯಲ್ಲೇ ಸರ್ವರ್ ಎಂಬ ಪೆಟ್ಟಿಗೆಯೊಳಗೆ ಗುಂಯ್ ಎನ್ನುತ್ತಾ ಕೂತಿದೆ. ಅದಕ್ಕೆ ಸೆಕೆಯಾಗಬಾರದಂತೆ, ಎ.ಸಿ. ಹಾಕಿಸಿದ್ದಾಳೆ. ಮನುಷ್ಯರಿಗಿಲ್ಲದ ತಂಪು ಪೆಟ್ಟಿಗೆಗಿದೆಯಲ್ಲ ಎಂದು ಬೇಸಿಗೆ ಬಂದ ಕೂಡಲೇ ನನ್ನ ಹುಣಸೆಹಣ್ಣಿನ ನಾರು ಬಿಡಿಸುವ ಕೆಲಸವನ್ನು ನಾನು ಅಲ್ಲಿಗೇ ಸಾಗಿಸಿದೆ.

ಆ ಪೆಟ್ಟಿಗೆಯಲ್ಲಿ ನನ್ನದೂ ಒಂದು ಗಂಟಿತ್ತು. ನಾನು ಹೇಳಿದ ಸೋಬಾನೆ ಪದಗಳು. ನಿಮ್ಮ ತಾತ ಹೋದ ಮೇಲೆ ಮದುವೆಮನೆಯಲ್ಲಿ ಪದ ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ. ಸಿಟ್ಟಿಲ್ಲ, ಕರೆದಿದ್ದರೂ ನಾನು ಕಂಬದ ಮರೆಗೆ ಸರಿಯುವವಳೇ. ಆದರೆ ನಿಮ್ಮವ್ವ ಬಿಡಲಿಲ್ಲ. ಅಡುಗೆಮನೆಯಲ್ಲಿ, ನಾನು ರಾಗಿ ಮುದ್ದೆ ಕಟ್ಟುವಾಗ, ಸೊಪ್ಪು ಸೋಸುವಾಗ, ಮೊಬೈಲು ಹಿಡಿದು ಒಂದೊಂದೇ ಪದ ತುಂಬಿಕೊಂಡಳು. ಅದಕ್ಕೊಂದು ವೆಬ್‌ಸೈಟು ಮಾಡಿದಳು. ನಾಗಮಂಗಲದ ಕಡೆ ಯಾರದೋ ಧಾರೆಯಲ್ಲಿ ನನ್ನ ಪದ ಸ್ಪೀಕರಿನಲ್ಲಿ ಬಂತೆಂದು ತಂಗಿ ಫೋನು ಮಾಡಿದಾಗ ನಾಚಿಕೆಯಿಂದ ಫೋನು ಕೆಳಗಿಟ್ಟುಬಿಟ್ಟೆ. ಆಮೇಲೆ ಒಬ್ಬಳೇ ನಕ್ಕೆ. ಅದೇ ವರ್ಷ ಗಂಟಲಿನ ಆಪರೇಷನ್ ಆಯಿತು. ಈಗ ನನ್ನ ದನಿ ಎಣ್ಣೆ ಕಾಣದ ಗೇಟಿನ ಹಾಗೆ. ಪದ ತುಂಬಿದ್ದ ಮೊಬೈಲು ವಿ.ಸಿ. ನಾಲೆಗೆ ಬಿದ್ದುಹೋಗಿತ್ತು. ಹೀಗಾಗಿ ಆ ಪೆಟ್ಟಿಗೆ ಬಿಟ್ಟರೆ ನನ್ನ ದನಿ ಈ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ.

ಪೆಟ್ಟಿಗೆಯ ಮುಂಭಾಗದಲ್ಲಿ ಎರಡು ಗೂಡು, ಗೂಡಿಗೊಂದು ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಡಿಸ್ಕು, ಡಿಸ್ಕಿಗೊಂದು ಸಾಸಿವೆಯಷ್ಟು ದೀಪ. ನನ್ನ ಮೈದುನ ಪುಟ್ಟಸ್ವಾಮಿಗೆ, ಅಂದರೆ ನಿಮ್ಮ ಚಿಕ್ಕತಾತನಿಗೆ, ಆ ಎರಡರ ಮೇಲೆ ಮೊದಲಿನಿಂದಲೂ ಕಣ್ಣು.

"ಒಂದೇ ಸಾಮಾನ ಎರಡ್ರಲ್ಲೂ ಇಕ್ಕವ್ಳಂತೆ ಕಣತ್ಗೆ ನಿನ್ ಮಗಳು! ಒಂದ್ನ ಕೊಟ್ರೆ ನಮ್ ಆಲೆಮನೆ ಕ್ಯಾಮ್ರಾಕಾಯ್ತದೆ."

"ಮುಟ್ಟಿದ್ರೆ ಕೈ ಮುರೀತೀನಿ ಚಿಕ್ಕಪ್ಪ," ಎಂದಿದ್ದಳು ಭಾಗ್ಯ. ಒಂದರಲ್ಲಿ ಬರೆದದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆದಿರುತ್ತದೆ, ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ, ವೆಬ್‌ಸೈಟು ನೋಡುವವರಿಗೆ ಗೊತ್ತೇ ಆಗುವುದಿಲ್ಲ ಎಂದು ವಿವರಿಸಿದಳು. ಪುಟ್ಟಸ್ವಾಮಿ ಆಕಳಿಸಿದ. ನನಗೆ ಮಾತ್ರ ಅದು ಹೊಸದೆನಿಸಲಿಲ್ಲ. ಸೋಬಾನೆಯಲ್ಲಿ ಮುಂದಿನವರು ಹೇಳಿದ ಸಾಲನ್ನೇ ಹಿಂದಿನವರು ಮತ್ತೆ ಹೇಳುತ್ತಾರಲ್ಲವೆ? ಎಷ್ಟೋ ಸಲ ಮುಂದಿನವಳಿಗೆ ಕೆಮ್ಮು ಬಂದರೆ ಹಿಂದಿನವಳು ಪದ ಎತ್ತಿಕೊಂಡಿದ್ದಾಳೆ. ಹೆಣ್ಣಿಗೆ ಅರಿಶಿನ ಹಚ್ಚುತ್ತಿದ್ದವರು ತಿರುಗಿ ಸಹ ನೋಡಿಲ್ಲ. ಕೆಮ್ಮಿದವಳ ಜಾಗಕ್ಕೆ ಹೊಸಬಳು ಬಂದು ಕೂತರೆ, ಹೇಳುತ್ತಿದ್ದವಳ ಬಾಯಿ ನೋಡಿಕೊಂಡೇ ಪದ ಕಲಿತುಬಿಡುತ್ತಾಳೆ.

ಆಯುಧಪೂಜೆಯ ದಿನ ಟ್ರಾಕ್ಟರಿಗೆ, ಕುಡುಗೋಲಿಗೆ ಪೂಜೆ ಮಾಡಿ, ಅದೇ ಹುರುಪಿನಲ್ಲಿ ಪುಟ್ಟಸ್ವಾಮಿ ಮಹಡಿಗೂ ಹತ್ತಿದ. ನಾನು ಬಾಗಿಲಾಚೆ ನಿಂತಿದ್ದೆ. ಎರಡೂ ಡಿಸ್ಕಿನ ಮೇಲೆ ಗಂಧ, ಕುಂಕುಮ ಒತ್ತಿ ಕೈಮುಗಿದ. ಪೂಜೆಯ ಕುಂಕುಮವನ್ನು ಒರೆಸುವವರುಂಟೆ? ಹಾಗೇ ಒಣಗಿಕೊಂಡಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಹುಣಸೆಹಣ್ಣಿನ ಮುಂದೆ ಕೂತಿದ್ದೆ, ಪುಟ್ಟಸ್ವಾಮಿ ಎ.ಸಿ.ಗೆ ಮೈಯೊಡ್ಡಿ ಚಾಪೆಯ ಮೇಲಿದ್ದ. ಪೆಟ್ಟಿಗೆ ಕೀಂ ಕೀಂ ಎಂದು ಕೂಗತೊಡಗಿತು. ಅಷ್ಟರಲ್ಲೇ ಭಾಗ್ಯಳ ಫೋನು. ಅವಳು ಶಾಲೆಯ ಕೆಲಸಕ್ಕೆಂದು ಕೆ.ಆರ್. ಪೇಟೆಗೆ ಹೋಗಿದ್ದಳು.

"ಅವ್ವಾ, ಒಂದು ಡಿಸ್ಕು ಕೆಟ್ಟದೆ ಅಂತ ಮೆಸೇಜು ಬಂತು. ಎರಡೂ ಒಟ್ಗೆ ತಂದಿದ್ದು, ಉಳಿದಿದ್ದನ್ನ ನಂಬೋಕಾಗಲ್ಲ. ಡ್ರಾಯರಲ್ಲಿ ಹೊಸದಿದೆ. ಕೆಂಪು ದೀಪ ಯಾವುದಕ್ಕಿದೆ ನೋಡಿ ಅದನ್ನ ಎಳ್ದು ಹೊಸದನ್ನ ತಳ್ಳು. ಹಸಿರನ್ನ ಮಾತ್ರ ಮುಟ್ಬೇಡ. ಅದನ್ನ ಎಳುದ್ರೆ ಎಲ್ಲಾ ನಿಂತೋಯ್ತದೆ."

ಕನ್ನಡಕ ಏರಿಸಿ ಬಗ್ಗಿ ನೋಡಿದೆ.

"ಎರಡೂ ಕೆಂಪಗವೆ ಕಣವ್ವಾ."

 ಫೋನಿನಲ್ಲಿ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಅದರ ನಡುವೆ ಸಣ್ಣ ದನಿಯಲ್ಲಿ, "ಎರಡೂನಾ?" ಎಂದಳು. ನನ್ನ ಪದಗಳು ಹೋದವು ಎಂದು ಅವಳಿಗನ್ನಿಸಿದ್ದು ನನಗೂ ಕೇಳಿಸಿತು.

"ನಾನೇಳ್ಲಿಲ್ವಾ," ಪುಟ್ಟಸ್ವಾಮಿ ಎದ್ದು ಬಂದ, "ಎರಡಿಕ್ಕುದ್ರೆ ಎರಡೂ ಕೆಡ್ತವೆ ಅಂತ!"

"ನೀನು ಸುಮ್ಕಿರಪ್ಪ," ಎಂದೆ. ನಾನು ಅವನಿಗೆ ಹಾಗೆ ಅಂದದ್ದು ಅದೇ ಮೊದಲು; ಅವನು ಸುಮ್ಮನಾದದ್ದೂ ಅದೇ ಮೊದಲು. ಇನ್ನೊಮ್ಮೆ ನೋಡಿದೆ. ಎಡಗಡೆಯ ಕೆಂಪು ಮಿಣುಕುತ್ತಿತ್ತು. ಬಲಗಡೆಯದು ಮಿಣುಕುತ್ತಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ, ಸುಮ್ಮನೆ ಕೆಂಪಗಿತ್ತು. ದೀಪವಲ್ಲ ಅದು. ನಮ್ಮ ಪುಟ್ಟಸ್ವಾಮಿ ಭಕ್ತಿಯಿಂದ ದೀಪದ ಮೇಲೆಯೇ ಒತ್ತಿದ ಕುಂಕುಮ.

ಸೆರಗಿನ ತುದಿ ಒದ್ದೆ ಮಾಡಿ ಬೆರಳಿಗೆ ಸುತ್ತಿಕೊಂಡೆ.

"ಬ್ಯಾಡ ಅತ್ಗೆ! ಪೂಜೆ ಕುಂಕ್ಮ, ನೀನು ಒರಸ್ಬಾರ್ದು," ಎಂದ ಅವನು.

ಮಕ್ಕಳೇ, ನನ್ನ ಹಣೆಯ ಕುಂಕುಮ ಒರೆಸುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ಇದನ್ನು ನಾನು ಯಾರನ್ನೂ ಕೇಳದೆ ಒರೆಸಿದೆ. ಅದರಡಿ ಹಸಿರು ದೀಪ ಭತ್ತದ ಪೈರಿನ ಹಾಗೆ ಹೊಳೆಯುತ್ತಿತ್ತು.

"ಒಂದು ಹಸಿರು ಅದೆ ಕಣೇ ಭಾಗ್ಯ! ನಿಮ್ ಚಿಕ್ಕಪ್ಪ ಅದರ ಕಣ್ಣು ಮುಚ್ಚಿದ್ದ."

ಅವಳು ಬಸ್ ಸ್ಟ್ಯಾಂಡಿನಲ್ಲೇ ಜೋರಾಗಿ ನಕ್ಕಳು, ಅತ್ತಳೋ ಏನೋ. ನಾನು ಎಡಗಡೆಯದನ್ನು ಎಳೆದೆ, ಹೊಸದನ್ನು ಟಕ್ಕೆನ್ನುವವರೆಗೆ ತಳ್ಳಿದೆ. ಹೊಸಬಳು ಹಳಬಳ ಬಾಯಿ ನೋಡಿಕೊಂಡು ಪದ ಕಲಿಯತೊಡಗಿದಳು. ಅಷ್ಟು ಹೊತ್ತೂ ಪುಟ್ಟಸ್ವಾಮಿಯ ಮೊಬೈಲಿನಲ್ಲಿ ನನ್ನ ಸೋಬಾನೆ ಹಾಡಿಸಿ ನೋಡಿದೆವು. ಒಂದು ಸಾಲೂ ತಪ್ಪಲಿಲ್ಲ.

ಸಂಜೆ ಭಾಗ್ಯ ಬಂದವಳೇ ನನ್ನ ಪದಗಳ ಇನ್ನೊಂದು ಪ್ರತಿ ಮಾಡಿ ನಾಗಮಂಗಲದ ನನ್ನ ತಂಗಿಯ ಮನೆಗೆ ಕಳಿಸುವ ಏರ್ಪಾಡು ಮಾಡಿದಳು. ಜೋಡಿ ಡಿಸ್ಕಿರುವಾಗ ಅದೇಕೆ ಎಂದೆ. "ನಾನೇ ತಪ್ಪಿ ಅಳಿಸಿದ್ರೆ ಎರಡ್ರಲ್ಲೂ ಅಳಿಸೋಯ್ತದವ್ವಾ," ಎಂದಳು. ನಿಜವೇ. ಹಿಂದೆ ನಿಮ್ಮ ತಾತ ಇದ್ದಾಗ ಹೊಸಹೊಳಲಿನ ಒಂದು ಮದುವೆಯಲ್ಲಿ ನಾನು ಗಂಡಿನ ಹೆಸರಿನ ಜಾಗದಲ್ಲಿ ಅವನ ಅಣ್ಣನ ಹೆಸರು ಹೇಳಿದೆ. ಹಿಂದೆ ಕೂತವರೆಲ್ಲ ಒಂದೇ ದನಿಯಲ್ಲಿ ಅದನ್ನೇ ಹೇಳಿದರು. ಹಿಂದಿನವರು ಜೊತೆಗಿದ್ದಾರೆಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಅದಕ್ಕೆ ದೂರದಲ್ಲಿ, ಬೇರೆ ಚಪ್ಪರದಲ್ಲಿ, ಸರಿಯಾದ ಪದ ಬಲ್ಲವಳೊಬ್ಬಳು ಇರಬೇಕು.

ಆ ಮಧ್ಯಾಹ್ನದ ಮೇಲೆ ನಾನು ಕಂಬದ ಮರೆ ಬಿಟ್ಟೆ. ಹೋದ ತಿಂಗಳು ಪುಟ್ಟಸ್ವಾಮಿಯ ಮಗಳ ಮದುವೆ ಚಪ್ಪರದಲ್ಲಿ, ಯಾರೂ ಕರೆಯುವ ಮೊದಲೇ ಹೋಗಿ ಹೆಂಗಸರ ನಡುವೆ ಕೂತು, ಈ ಗೇಟಿನ ದನಿಯಲ್ಲೇ ಒಂದು ಪದ ಎತ್ತಿದೆ.  ಹಿಂದಿನಿಂದ ನನ್ನ ಸಾಲೇ ನನಗೆ ತಿರುಗಿ ಬಂತು. ಆ ದನಿಗಳಲ್ಲಿ ನಿನ್ನದೂ ಇತ್ತು ಧನ್ಯಾ, ನನಗೆ ಕೇಳಿಸಿತು.

ಈ ಹಾಳೆಗಳದೊಂದು ಜೆರಾಕ್ಸು ಮಾಡಿಸುತ್ತೇನೆ. ಒಂದನ್ನು ಧನ್ಯಾ ಇಟ್ಟುಕೊಳ್ಳಲಿ, ಇನ್ನೊಂದನ್ನು ಮನೋಜ. ಜೋಪಾನ. ಎರಡನ್ನೂ ಒಂದೇ ಬೀರುವಿನಲ್ಲಿ ಮಾತ್ರ ಇಡಬೇಡಿ.