ಬ್ರೇಕಿಗೆ ಬಿಟ್ಟ ಎಣ್ಣೆ

ಸೋಮವಾರದಿಂದ ನಮ್ಮ ಕಾರಿನ ಬ್ರೇಕ್ ಕಿರುಚುತ್ತಿತ್ತು. ಎಲ್ಲಿ, ಯಾವಾಗ ಎಂದು ದಿನಚರಿಯಲ್ಲಿ ಬರೆದಿಡುತ್ತ ಹೋದೆ. ಮೆಲ್ಲಗೆ ಒತ್ತಿದರೆ ಹೆಚ್ಚು, ಜೋರಾಗಿ ಒತ್ತಿದರೆ ಕಡಿಮೆ. ಸದ್ದು ಮುಂದಿನ ಎಡಗಾಲಿಯದು. ಶುಕ್ರವಾರ ಅಪ್ಪನೂ ನಾನೂ ಅದೇ ಕಾರಿನಲ್ಲಿ ಶಿರಗುಪ್ಪಿಗೆ ಹೋಗಿ, ಏಳು ತಿಂಗಳು ತುಂಬಿದ ಅಕ್ಕನನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು.

ಅಪ್ಪನ ಚಿಂತೆಯೇ ಬೇರೆ. "ಬೀಗರ ಬಾಗಿಲಿಗೆ ಹಿಂಗ ಒದರಿಕೋತ ಹೋಗೂದೇನು? ಮಂದಿ ಏನಂದಾರು?"

ಬುಧವಾರ ಸಂಜೆ ಬರೆಯಲು ಏನೂ ಇರಲಿಲ್ಲ. ಕಾರು ಸುಮ್ಮನಾಗಿತ್ತು. ಅವ್ವ ದೇವರಿಗೆ ಕೈಮುಗಿದಳು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಯಾರೂ ಮುಟ್ಟದೆ ಸದ್ದು ಹೇಗೆ ನಿಂತೀತು?

ಮರುದಿನ ಬೆಳಿಗ್ಗೆ ಗಬ್ಬೂರಿನ ಕಡೆ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ನೋಡಿದೆ. ಕಾರು ನಿಲ್ಲದೆ ಮುಂದೆ ಜಾರಿ ಬಲಕ್ಕೆ ಎಳೆಯಿತು. ನಡಿಗೆಯ ವೇಗದಲ್ಲೇ ಮನೆಗೆ ತಂದೆ.

"ಅಪ್ಪಾ, ಗಾಲಿಗೆ ಏನರ ಮಾಡಿಯೇನು?"

"ನಿಮ್ಮವ್ವನ ಹೊಲಿಗಿ ಮಷೀನಿನ ಎಣ್ಣಿ ನಾಕ ಹನಿ ಬಿಟ್ಟೇನಿ. ಬಂಡಿ ಗಾಲಿಗೆ ಬಿಡೂದಿಲ್ಲೇನು?"

ಕಮರಿಪೇಟೆಯ ಮೆಕ್ಯಾನಿಕ್ ಕಾಕಾಗೆ ಫೋನ್ ಮಾಡಿದೆ. ಅವರು ಮನೆಗೇ ಬಂದರು. ಅಂಗಳದಲ್ಲಿ ಗಾಲಿ ಬಿಚ್ಚಿ ಬ್ರೇಕ್ ಪ್ಯಾಡ್ ತೋರಿಸಿದರು. ಸವೆದು ತೆಳ್ಳಗಾಗಿತ್ತು, ಮೇಲೆ ಎಣ್ಣೆ ಹೊಳೆಯುತ್ತಿತ್ತು. ಪ್ಯಾಡ್ ಸವೆದಾಗ, ಗಾಲಿಯೊಂದಿಗೆ ತಿರುಗುವ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದರಲ್ಲೊಂದು ಸಣ್ಣ ತಗಡು ಇರುತ್ತದೆ. ಮೂರು ದಿನ ಕೂಗಿದ್ದು ಅದೇ.

"ಸಪ್ಪಳ ನಿಂತಿತ್ತಲ್ಲೋ," ಎಂದ ಅಪ್ಪ.

"ಸಪ್ಪಳ ನಿಂತಿತ್ರಿ ಸಾವ್ಕಾರ್ರ, ಕಾರು ನಿಂದ್ರತಿದ್ದಿಲ್ಲ. ನಾಳೆ ಬೀಗರ ಬಾಗಲ್ದಾಗ ಅಲ್ಲ, ಸೀದಾ ಪಡಸಾಲ್ಯಾಗ ಇಳೀತಿದ್ರಿ!"

ನಾನು ನಕ್ಕೆ. ಅಪ್ಪ ನಗಲಿಲ್ಲ. ಕಾಕಾ ಡಿಸ್ಕುಗಳನ್ನು ತೊಳೆದು, ಮುಂದಿನ ಎರಡೂ ಗಾಲಿಗೆ ಹೊಸ ಪ್ಯಾಡ್ ಕೂರಿಸಿ, "ಒಂದ ರೌಂಡ್ ಹೊಡದ ನೋಡ್ರಿ," ಎಂದರು.

ನಾನು ಚಾವಿ ತಿರುಗಿಸುವಷ್ಟರಲ್ಲಿ ಅಪ್ಪ ಬಂದು ಹಿಂದಿನ ಸೀಟಿನಲ್ಲಿ ಕೂತ. ಯಾವಾಗಲೂ ಮುಂದೆ ಕೂರುವ ಮನುಷ್ಯ.

"ನಾಳೆ ನಿಮ್ಮಕ್ಕ ಇಲ್ಲೇ ಕುಂದರತಾಳಲಾ," ಎಂದ. "ಬಿಡು ಗಾಡಿ."

ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿದೆ. ಕಾರು ನೆಟ್ಟಗೆ ನಿಂತಿತು.

"ಇನ್ನೊಮ್ಮೆ ಹಾಕು."

ಹಾಕಿದೆ. ಕನ್ನಡಿಯಲ್ಲಿ ನೋಡಿದರೆ, ಒಂದು ಕೈಯಲ್ಲಿ ನನ್ನ ಸೀಟಿನ ಬೆನ್ನು ಹಿಡಿದು, ಇನ್ನೊಂದನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದ.

"ಇನ್ನೊಮ್ಮೆ," ಎಂದ.