ಎರಡು ತಾಳಿ

ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು, ಸಹಕಾರನಗರದ ಮನೆ ಬಿಟ್ಟು ಹೆಬ್ಬಾಳದ ಫ್ಲೈಓವರ್ ದಾಟುವಷ್ಟರಲ್ಲಿ ಬಿದ್ದುಹೋಗುತ್ತಿತ್ತು. ಸುಮ್ಮನೆ ಹೇಳುತ್ತಿಲ್ಲ, 2013ರ ಡೈರಿಯಲ್ಲಿ ಲೆಕ್ಕವಿದೆ: ಜೂನ್ ಒಂದರಲ್ಲೇ ಹನ್ನೊಂದು ಬೊಟ್ಟು. ಪಕ್ಕದಲ್ಲೇ ಇನ್ನೊಂದು ಲೆಕ್ಕ, ಲ್ಯಾಬಿನಲ್ಲಿ ಜೀವಕೋಶಗಳು ಅಂಟದೆ ಹಾಳಾದ ತಟ್ಟೆಗಳದ್ದು: ಒಂಬತ್ತು. ಅಂಟುವುದನ್ನೇ ಸಂಶೋಧನೆಗೆ ಆರಿಸಿಕೊಂಡವಳ ಹಣೆಬರಹ: ಅಂಟು ಹಣೆಯ ಮೇಲೂ ನಿಲ್ಲುತ್ತಿರಲಿಲ್ಲ.

ಜೀವಕೋಶ ನೆಲ ಹಿಡಿಯುವುದು ಗೋಂದಿನಿಂದಲ್ಲ ನೋಡಿ. ಅದರ ಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ; ಕೈ ಹೊರಗೆ, ಬಾಲ ಒಳಗೆ. ಒಳಗಿನ ಟ್ಯಾಲಿನ್ ಎಂಬ ಪ್ರೋಟೀನು ಬಂದು ಬಾಲ ಹಿಡಿದ ಮೇಲೆಯೇ ಮಡಚಿದ್ದ ಕೈ ಚಾಚಿ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿದ ಸುದ್ದಿ ಒಳಗಿನ ಸಂದೇಶವಾಹಕ ಪ್ರೋಟೀನುಗಳಿಗೆ ಮುಟ್ಟಿದಾಗ ಕೋಶ ಹರಡಿಕೊಂಡು ಬದುಕುತ್ತದೆ. ಇಷ್ಟನ್ನು ಅಡುಗೆಮನೆಯಲ್ಲಿ ವಿವರಿಸಿದರೆ, ಅಮ್ಮ ಒಗ್ಗರಣೆ ಹಾಕುತ್ತಾ, "ನೋಡು, ಕೋಶಕ್ಕೂ ತಾಳಿ ಬಿದ್ಮೇಲೇ ನೆಲೆ. ನಿನಗೆ ಮಾತ್ರ ಅರ್ಥ ಆಗಲ್ಲ" ಎಂದಳು.

"ತಾಳಿ ಅಲ್ಲಮ್ಮ, ಟ್ಯಾಲಿನ್."

"ಅದೇ ಕಣೆ, ಇಂಗ್ಲಿಷಲ್ಲಿ ಹಂಗಂತಾರೆ."

ಶುಕ್ರವಾರದೊಳಗೆ ಅಂಟಿದ ಕೋಶಗಳ ಒಂದು ಚಿತ್ರವನ್ನಾದರೂ ತೋರಿಸದಿದ್ದರೆ ವಿಷಯವನ್ನೇ ಬದಲಿಸಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಎರಡು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಬುಧವಾರ ಹತ್ತನೇ ತಟ್ಟೆ. ಐದೈದು ನಿಮಿಷಕ್ಕೊಮ್ಮೆ ಅದನ್ನು ಬೆಚ್ಚನೆಯ ಪೆಟ್ಟಿಗೆಯಿಂದ ತೆಗೆದು, ಸೂಕ್ಷ್ಮದರ್ಶಕದಡಿ ಇಟ್ಟು, ಅಂಟಿದವೆಷ್ಟು ತೇಲುವವೆಷ್ಟು ಎಂದು ಬರೆದುಕೊಳ್ಳುತ್ತಿದ್ದೆ. ಎಲ್ಲವೂ ಸಬ್ಬಕ್ಕಿಯಂತೆ ದುಂಡಗೆ ತೇಲುತ್ತಿದ್ದವು. ಅಲ್ಲಾಳಸಂದ್ರದಿಂದ ಬರುವ ಲ್ಯಾಬಿನ ಹಿರಿಯ ಸಹಾಯಕ ಮುನಿಯಪ್ಪನವರಿಗೂ ನೋಡಿ ನೋಡಿ ಸಾಕಾಗಿರಬೇಕು.

"ವಸಿ ತಾಳಿ ಮೇಡಂ. ಇಂಗೆ ಗಳಿಗೆಗೊಂದ್ಸಲ ಈಚೆಗೆ ಎಳೀತಿದ್ರೆ ಅವು ಎಲ್ಲಿ ಕೂತ್ಕೊಂತವೆ?"

ಇದು ಎರಡನೇ ತಾಳಿ. ರೇಗಿತು. ಅವರ ಮಾತು ತಪ್ಪೆಂದು ತೋರಿಸಲೆಂದೇ ಡೈರಿ ತಿರುವಿದೆ. ಹಾಳಾದ ಒಂದೊಂದು ತಟ್ಟೆಗೂ ಹತ್ತು ಹನ್ನೆರಡು ಸಾಲಿನ ದಾಖಲೆಯಿತ್ತು. ಮೇ ತಿಂಗಳಲ್ಲಿ ಅಂಟಿದರೂ ಚಿತ್ರ ತೆಗೆಯದೇ ಹೋದ ಒಂದೇ ಒಂದು ತಟ್ಟೆಗೆ ಒಂದೇ ಸಾಲು: ಅಂದು ಗಂಡಿನವರು ಬಂದಿದ್ದಾರೆಂದು ಅಮ್ಮ ನನ್ನನ್ನು ಮನೆಗೆ ಕರೆಸಿಕೊಂಡಿದ್ದಳು, ತಟ್ಟೆಯನ್ನು ಮುಟ್ಟುವವರಿರಲಿಲ್ಲ. ಕೋಶಗಳನ್ನು ಚಳಿಗೆ ಎಳೆದು, ಕುಲುಕಿ, ಹಿಡಿತ ಬಿಡಿಸಿದ್ದು ನನ್ನ ಲೆಕ್ಕವೇ.

ಗುರುವಾರ ಹನ್ನೊಂದನೇ ತಟ್ಟೆಯನ್ನು ಒಳಗಿಟ್ಟು, ಕೈಕಟ್ಟಿ ಕೂತೆ. ಸಂಜೆ ತೆಗೆದರೆ, ಕೋಶಗಳು ಕಾಲು ಚಾಚಿ ಮಲಗಿದ್ದವು.

ಶುಕ್ರವಾರ ಬೆಳಿಗ್ಗೆ ಆ ಚಿತ್ರ ಚೀಲದಲ್ಲಿತ್ತು. ದಿನವೂ ಕನ್ನಡಿಯ ಮುಂದೆ ಮೂರು ಸಲ ಕಿತ್ತು ಮೂರು ಸಲ ಅಂಟಿಸುತ್ತಿದ್ದ ಬೊಟ್ಟನ್ನು ಅಂದು ಒಂದೇ ಸಲ ಒತ್ತಿ ಹೊರಟೆ. ಬಾಗಿಲಲ್ಲಿ ಅಮ್ಮ, "ಓರೆಯಾಗಿದೆ ಕಣೆ, ಬಾ ಇಲ್ಲಿ" ಎಂದು ಕೈಚಾಚಿದಳು.

"ತಾಳಮ್ಮ," ಎಂದೆ, "ಮುಟ್ಟಬೇಡ."